ಸಂಪಾದಕರ ಉತ್ತರ: ಪ್ರಯೋಗಾಲಯ ಬಿಟ್ಟು ಉತ್ತರಕ್ಕೆ ಹೋದದ್ದು ನಷ್ಟವೇ?

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಆರ್ಕ್ಟಿಕ್ ಪ್ರದೇಶದ ಊರುಗಳ ಬಗ್ಗೆ ಬಂದ ಲೇಖನದಲ್ಲಿ, ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯವನ್ನು ಕಟ್ಟಿದವರು ಪೀಟರ್ ಹ್ಯೋರ್ಟ್ ಎಂಬ ರಕ್ತತಜ್ಞರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿದ್ದು ನಿವೃತ್ತನಾದ ವೈದ್ಯ. ರಕ್ತ ಹೆಪ್ಪುಗಟ್ಟುವ ಬಗೆಯನ್ನು ಓದುತ್ತಿದ್ದ ಕಾಲದಲ್ಲಿ ಆ ಹೆಸರನ್ನು ಕಂಡ ನೆನಪಿದೆ. ಅಂಥ ಸಂಶೋಧಕರು ಕಟ್ಟಡ, ಬಜೆಟ್, ಸಮಿತಿಗಳ ಕೆಲಸಕ್ಕೆ ಇಳಿದದ್ದು ವಿಜ್ಞಾನಕ್ಕೆ ನಷ್ಟವಲ್ಲವೇ? ಯಾಕೆ ಹೋದರು? ಹೋದದ್ದರಿಂದ ಅಲ್ಲಿನ ರೋಗಿಗಳಿಗೆ ಏನಾದರೂ ದಕ್ಕಿತೇ?” — ನಿವೃತ್ತ ವೈದ್ಯರೊಬ್ಬರು

ಡಾಕ್ಟರೇ, ನಮಸ್ಕಾರ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಹೆಸರನ್ನು ನಾವು ‘ಹ್ಯೋರ್ಟ್’ ಎಂದು ಅಚ್ಚು ಮಾಡಿದ್ದೆವು. ನಾರ್ವೆಯವರು ಅದರ ಮೊದಲ ಅಕ್ಷರವನ್ನು ಉಚ್ಚರಿಸುವುದಿಲ್ಲ, ಯೋರ್ಟ್ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದು ಕವಲುಕೊಂಬಿನ ದೊಡ್ಡ ಜಿಂಕೆಯ ಹೆಸರೂ ಹೌದು. ಒಂದೇ ಸಾಲಿನಲ್ಲಿ ಮುಗಿಸಿದ್ದು ಎರಡನೆಯ ತಪ್ಪು. ಪೀಟರ್ ಯೋರ್ಟ್ (1924–2011) ಒಂದು ಸಾಲಿಗೆ ಹಿಡಿಸುವ ಮನುಷ್ಯರಲ್ಲ. ನಿಮ್ಮ ಪತ್ರ ಆ ಕೊರತೆಯನ್ನು ತುಂಬಲು ಒಂದು ಅವಕಾಶ ಕೊಟ್ಟಿದೆ.

ನಿಮ್ಮ ನೆನಪು ಸರಿ. ಯೋರ್ಟ್ ಅವರ ಗುರು ಪಾಲ್ ಓವ್ರೆನ್. ನಾರ್ವೆ ಜರ್ಮನ್ನರ ಹಿಡಿತದಲ್ಲಿದ್ದ ದಿನಗಳಲ್ಲಿ, ಬಾಲ್ಯದಿಂದಲೂ ರಕ್ತಸ್ರಾವದಿಂದ ನರಳುತ್ತಿದ್ದ ಒಬ್ಬ ಹೆಂಗಸಿನ ರಕ್ತವನ್ನು ಪರೀಕ್ಷಿಸುತ್ತಾ, ಹೆಪ್ಪುಗಟ್ಟಲು ಅಗತ್ಯವಾದ ಐದನೆಯ ಅಂಶವನ್ನು ಕಂಡುಹಿಡಿದವರು ಅವರು. ಅಲ್ಲಿಯವರೆಗೆ ಲೆಕ್ಕದಲ್ಲಿದ್ದದ್ದು ನಾಲ್ಕೇ. ‘ಫ್ಯಾಕ್ಟರ್ ಐದು’ ಎಂಬ ಹೆಸರು ಬಂದದ್ದು ಹಾಗೆ. ಆ ಗುರುವಿನ ಗರಡಿಯಲ್ಲಿ ಯೋರ್ಟ್ ಏಳನೆಯ ಅಂಶದ ಬೆನ್ನು ಹತ್ತಿದರು. ಗಾಯವಾದಾಗ ಅಂಗಾಂಶದಿಂದ ಹೊರಬರುವ ವಸ್ತುವೊಂದು ಕ್ಯಾಲ್ಸಿಯಂ ಇರುವಾಗ ಈ ಏಳನೆಯ ಅಂಶದೊಡನೆ ಕೂಡಿಕೊಳ್ಳುತ್ತದೆ, ಆ ಜೋಡಿಯಿಂದ ಮುಂದಿನ ಸರಪಳಿ ಶುರುವಾಗುತ್ತದೆ ಎಂಬುದನ್ನು ಹಂತಹಂತವಾಗಿ ಬಿಡಿಸಿದ್ದು 1957ರ ಅವರ ಡಾಕ್ಟರೇಟ್ ಪ್ರಬಂಧ. ದೇಹದಲ್ಲಿ ಹೆಪ್ಪುಗಟ್ಟುವಿಕೆಗೆ ಚಾಲನೆ ಸಿಗುವುದು ಇದೇ ಜೋಡಿಯಿಂದ ಎಂದು ಇಂದಿನ ಪಠ್ಯಗಳೂ ಹೇಳುತ್ತವೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟ ರೋಗಿಯ ಪ್ರೋಥ್ರಾಂಬಿನ್ ಟೈಮ್ ವರದಿಯನ್ನು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪರೀಕ್ಷೆಯ ಫಲಿತಾಂಶವನ್ನು, ನೀವು ಎಷ್ಟು ಸಲ ನೋಡಿದ್ದೀರೋ! ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ಮೊದಲು ಇಳಿಯುವುದು ಈ ಏಳನೆಯ ಅಂಶವೇ. ಮುಂದೆ ಅಮೆರಿಕದ ಸ್ಯಾಮ್ಯುಯೆಲ್ ರ‍್ಯಾಪಪೋರ್ಟ್ ಅವರೊಡನೆ ಸೇರಿ, ಬ್ಯಾಕ್ಟೀರಿಯಾದ ವಿಷದಿಂದ ಸಣ್ಣ ರಕ್ತನಾಳಗಳ ತುಂಬ ಹೆಪ್ಪು ಕಟ್ಟಿಕೊಳ್ಳುವ ಶ್ವಾರ್ಟ್ಸ್‌ಮನ್ ಪ್ರತಿಕ್ರಿಯೆಯ ಬಗ್ಗೆ 1965ರಲ್ಲಿ ವಿಸ್ತಾರವಾದ ವಿಮರ್ಶಾ ಲೇಖನ ಬರೆದರು.

ಹೀಗೆ ನಲವತ್ತರ ಆಸುಪಾಸಿನಲ್ಲಿ ಅವರ ಮುಂದೆ ಇದ್ದದ್ದು ಓಸ್ಲೋದಲ್ಲಿ ಕುಳಿತು ನಿಶ್ಚಿಂತೆಯಿಂದ ನಡೆಸಬಹುದಾಗಿದ್ದ ಪ್ರಾಧ್ಯಾಪಕ ಬದುಕು. ಅದನ್ನು ಬಿಟ್ಟದ್ದರಿಂದ ರಕ್ತಶಾಸ್ತ್ರ ಒಬ್ಬ ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ‘ವಿಜ್ಞಾನಕ್ಕೆ ನಷ್ಟ’ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಯಾಕೆಂದು ಹೇಳಲು ನಕ್ಷೆಯನ್ನು ಸ್ವಲ್ಪ ಬಿಚ್ಚಬೇಕು.

ನಾರ್ವೆಯ ಮುಖ್ಯ ಭೂಭಾಗದ ಮೂರನೆಯ ಒಂದು ಪಾಲು ಉತ್ತರದ ನೂರ್‌ಲಾಂಡ್, ಟ್ರೊಮ್ಸ್, ಫಿನ್‌ಮಾರ್ಕ್ ಪ್ರಾಂತಗಳದು. ಅಲ್ಲಿ ಬದುಕುವವರು ದೇಶದ ಜನರಲ್ಲಿ ಹತ್ತಕ್ಕೆ ಒಬ್ಬರಷ್ಟು. ಕರಾವಳಿಯುದ್ದಕ್ಕೂ ಮೀನುಗಾರರ ಚಿಕ್ಕಚಿಕ್ಕ ಊರುಗಳು, ಒಳನಾಡಿನಲ್ಲಿ ಹಿಮಸಾರಂಗಗಳನ್ನು ಮೇಯಿಸುವ ಸಾಮಿ ಜನ. ಫಿನ್‌ಮಾರ್ಕ್‌ನ ಕಥೆ ಇನ್ನೂ ಕಠಿಣ. 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಆ ನಾಡಿನ ಮನೆಮಠ, ಆಸ್ಪತ್ರೆ, ಶಾಲೆಗಳನ್ನೆಲ್ಲ ಸುಟ್ಟು ಹೋಗಿತ್ತು. ಯುದ್ಧ ಮುಗಿದ ಮೇಲೆ ಮನೆಗಳು ಎದ್ದವು, ವೈದ್ಯರು ಮಾತ್ರ ಬರಲಿಲ್ಲ. ಬಂದವರು ವರ್ಷ ಎರಡು ವರ್ಷ ಕಳೆದು ದಕ್ಷಿಣಕ್ಕೆ ಮರಳುತ್ತಿದ್ದರು. ಆಗ ನಾರ್ವೆಯಲ್ಲಿ ವೈದ್ಯರನ್ನು ತಯಾರು ಮಾಡುತ್ತಿದ್ದದ್ದು ಓಸ್ಲೋ ಮತ್ತು ಬೆರ್ಗೆನ್ ಎರಡೇ. ಎರಡೂ ದಕ್ಷಿಣದಲ್ಲಿ. ಉತ್ತರದ ಜಾಣ ಹುಡುಗ ಹುಡುಗಿಯರು ಓದಲು ಸಾವಿರ ಕಿಲೋಮೀಟರ್ ಆಚೆ ಹೋಗಿ ಆರೇಳು ವರ್ಷ ಅಲ್ಲೇ ಕಳೆಯುತ್ತಿದ್ದರು. ಗೆಳೆತನ, ಮದುವೆ, ಮೊದಲ ನೌಕರಿ ಎಲ್ಲವೂ ಅಲ್ಲೇ ಕುದುರುತ್ತಿತ್ತು.

ಈ ರೋಗಕ್ಕೆ ಆಳುವವರು ಎಲ್ಲೆಡೆ ಬರೆಯುವ ಔಷಧಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಹೆಚ್ಚಿನ ಭತ್ಯೆ, ಬಾಂಡ್, ಕಡ್ಡಾಯ ಸೇವೆ. ಯೋರ್ಟ್ ನಿಂತದ್ದು ಬೇರೆ ವಾದದ ಪರವಾಗಿ. ವೈದ್ಯರು ಎಲ್ಲಿ ಬೇಕೋ ಅಲ್ಲೇ ಅವರನ್ನು ಬೆಳೆಸಬೇಕು. ಅದಕ್ಕೆ ಅಲ್ಲೊಂದು ವೈದ್ಯಕೀಯ ಶಾಲೆ ಬೇಕು, ಶಾಲೆ ಗಟ್ಟಿಯಾಗಿ ನಿಲ್ಲಬೇಕಾದರೆ ಪೂರ್ಣ ಪ್ರಮಾಣದ ವಿಶ್ವವಿದ್ಯಾಲಯವೇ ಬೇಕು. ಈ ವಾದಕ್ಕೆ ದಕ್ಷಿಣದ ವೈದ್ಯಕೀಯ ವಲಯದಿಂದಲೇ ಪ್ರತಿರೋಧ ಬಂತು. ಅಷ್ಟು ದೂರಕ್ಕೆ ಪ್ರಾಧ್ಯಾಪಕರು ಯಾರು ಹೋಗುತ್ತಾರೆ, ಕಲಿಕೆಗೆ ಬೇಕಾದಷ್ಟು ರೋಗಿಗಳು ಅಲ್ಲಿ ಎಲ್ಲಿದ್ದಾರೆ, ಗುಣಮಟ್ಟದ ಗತಿ ಏನು ಎಂದು ಕೇಳಿದರು. ನಾನು ಅವರನ್ನು ಸಣ್ಣವರೆಂದು ಕಾಣುವುದಿಲ್ಲ. ಟ್ರೊಮ್ಸೊ ಎಂದರೆ ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 350 ಕಿಲೋಮೀಟರ್ ಉತ್ತರಕ್ಕಿರುವ, ದ್ವೀಪದ ಮೇಲಿನ ಊರು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ರೈಲು ಇಂದಿಗೂ ಅಲ್ಲಿಗೆ ಹೋಗಿಲ್ಲ. 1872ರಲ್ಲಿ ಶುರುವಾದ ಒಂದು ವಸ್ತುಸಂಗ್ರಹಾಲಯ ಮತ್ತು ಧ್ರುವಪ್ರಭೆಯನ್ನು ಅಭ್ಯಸಿಸುವ ಒಂದು ವೀಕ್ಷಣಾಲಯ ಇದ್ದವು. ವಿಶ್ವವಿದ್ಯಾಲಯಕ್ಕೆ ಬುನಾದಿ ಎನ್ನಬಹುದಾದದ್ದು ಇಷ್ಟೇ.

1968ರ ಮಾರ್ಚ್‌ನಲ್ಲಿ ನಾರ್ವೆಯ ಸಂಸತ್ತು ಟ್ರೊಮ್ಸೊ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಕೊಟ್ಟಿತು. ಯೋರ್ಟ್ 1969ರಿಂದ 1973ರವರೆಗೆ ಅದರ ಮೊದಲ ರೆಕ್ಟರ್, ನಮ್ಮಲ್ಲಿನ ಕುಲಪತಿಯಂಥ ಹುದ್ದೆ. 1972ರಲ್ಲಿ ದೊರೆ ಐದನೆಯ ಒಲಾವ್ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಮರುವರ್ಷ ವೈದ್ಯಕೀಯ ತರಗತಿ ತೆರೆಯಿತು.

ಆ ತರಗತಿಯಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನೇ ಅವರು ಹೊಸದಾಗಿ ಯೋಚಿಸಿದ್ದರು ಎನ್ನುವುದು ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಮೊದಲೆರಡು ವರ್ಷ ಶವಾಗಾರ ಮತ್ತು ಪುಸ್ತಕ, ಆಮೇಲೆ ರೋಗಿ ಎಂಬ ಹಳೆಯ ಕ್ರಮವನ್ನು ಟ್ರೊಮ್ಸೊ ಕೈಬಿಟ್ಟಿತು. ಒಂದು ಅಂಗದ ರಚನೆ, ಅದರ ಕೆಲಸ, ಅದಕ್ಕೆ ತಗಲುವ ರೋಗ ಇವನ್ನು ಒಟ್ಟಿಗೆ ಕಲಿಸಿದರು. ವಿದ್ಯಾರ್ಥಿ ಆರಂಭದ ದಿನಗಳಲ್ಲೇ ರೋಗಿಯ ಮುಖ ನೋಡುತ್ತಿದ್ದ. ಕೋರ್ಸಿನ ಕೊನೆಯ ಭಾಗದಲ್ಲಿ ತಿಂಗಳುಗಟ್ಟಲೆ ಟ್ರೊಮ್ಸೊದಿಂದ ಹೊರಗೆ, ಉತ್ತರದ ಚಿಕ್ಕ ಆಸ್ಪತ್ರೆಗಳಲ್ಲೂ ಊರಿನ ಸಾಮಾನ್ಯ ವೈದ್ಯರ ಜೊತೆಗೂ ಇದ್ದು ಕೆಲಸ ಕಲಿಯಬೇಕಿತ್ತು. ಪ್ರವೇಶದಲ್ಲಿ ಒಂದು ಪಾಲನ್ನು ಉತ್ತರದ ಮಕ್ಕಳಿಗೇ ಮೀಸಲಿಟ್ಟರು. ನಿಮ್ಮಂಥವರ ಕೆಲಸವನ್ನು, ಅಂದರೆ ತಜ್ಞರು ಹತ್ತಿರದಲ್ಲಿಲ್ಲದ ಕಡೆ ಎದುರಿಗೆ ಬಂದ ಎಲ್ಲವನ್ನೂ ನಿಭಾಯಿಸುವ ವೈದ್ಯನ ಕೆಲಸವನ್ನು, ವಿಶ್ವವಿದ್ಯಾಲಯವೊಂದು ಗೌರವದ ಪಾಠವಾಗಿ ತರಗತಿಗೆ ತಂದಿತು. ವೈದ್ಯ ಪದವಿಯ ಮೊದಲ ತಂಡ ಹೊರಬಂದದ್ದು 1979ರಲ್ಲಿ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಏನು ದಕ್ಕಿತು? 1979ರಿಂದ 1988ರವರೆಗೆ ಅಲ್ಲಿ ಓದಿ ಹೊರಬಂದವರು ಎಲ್ಲಿದ್ದಾರೆಂದು ಲೆಕ್ಕ ಹಾಕಿದ ಒಂದು ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಶೇಕಡಾ 56.1 ಮಂದಿ ಉತ್ತರ ನಾರ್ವೆಯಲ್ಲೇ ಉಳಿದಿದ್ದರು. ಉತ್ತರದಲ್ಲೇ ಬೆಳೆದವರನ್ನಷ್ಟೇ ತೆಗೆದುಕೊಂಡರೆ ಶೇಕಡಾ 82. ಆ ಮಕ್ಕಳು ಹೇಗಿದ್ದರೂ ಊರಿಗೆ ಮರಳುತ್ತಿದ್ದರೇನೋ ಎಂದು ನೀವು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ನಾನು ಹೆಚ್ಚು ಹೊತ್ತು ನೋಡುತ್ತಾ ಕುಳಿತದ್ದು ಮೂರನೆಯ ಅಂಕಿಯನ್ನು: ದಕ್ಷಿಣದಲ್ಲಿ ಹುಟ್ಟಿ ಬೆಳೆದು ಓದಲಷ್ಟೇ ಟ್ರೊಮ್ಸೊಗೆ ಬಂದವರಲ್ಲೂ ಶೇಕಡಾ 37.7 ಮಂದಿ ಹಿಂದಿರುಗಲಿಲ್ಲ. ಎರಡು ತಿಂಗಳ ಕತ್ತಲೆಯ ನಾಡಿನಲ್ಲಿ, ನಂಟರಿಷ್ಟರಿಂದ ದೂರ, ಅವರು ತಾವಾಗಿ ಉಳಿದರು. ಈ ಅಂಕಿಯ ಹಿಂದೆ ಎಷ್ಟು ಹೆರಿಗೆಗಳು ಸುಸೂತ್ರವಾಗಿ ಆಗಿರಬಹುದು, ಎಷ್ಟು ಜನ ದೋಣಿಯಲ್ಲಿ ದೂರದ ಆಸ್ಪತ್ರೆಗೆ ಹೋಗುವ ಪಾಡು ತಪ್ಪಿರಬಹುದು ಎಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ನನ್ನದೇ ಒಂದು ಯೋಚನೆಯನ್ನು ಸೇರಿಸುತ್ತೇನೆ. ಪೀಟರ್ ಅವರ ತಾತ ಯೂಹಾನ್ ಯೋರ್ಟ್ ಸಾಗರವಿಜ್ಞಾನದಲ್ಲಿ ದೊಡ್ಡ ಹೆಸರು. ಕೆಲವು ವರ್ಷ ಬಲೆ ತುಂಬ ಮೀನು, ಕೆಲವು ವರ್ಷ ಬರಿಬಲೆ, ಹೀಗೇಕೆ ಎಂಬುದು ಉತ್ತರದ ಬೆಸ್ತರನ್ನು ತಲೆಮಾರುಗಳಿಂದ ಕಾಡುತ್ತಿದ್ದ ಪ್ರಶ್ನೆ. ಮೀನುಗಳು ಬೇರೆಡೆಗೆ ವಲಸೆ ಹೋಗಿರುತ್ತವೆ ಎಂದು ಜನ ನಂಬಿದ್ದರು. ತಾತ 1914ರಲ್ಲಿ ತೋರಿಸಿಕೊಟ್ಟದ್ದು ಬೇರೆಯೇ. ಯಾವುದೋ ಒಂದು ವರ್ಷ ಹುಟ್ಟಿದ ಮರಿಗಳು ಹೆಚ್ಚಾಗಿ ಬದುಕಿಕೊಂಡರೆ ಮುಂದೆ ಹಲವು ವರ್ಷ ಬಲೆ ತುಂಬಿಸುವುದು ಅವೇ. 1904ರಲ್ಲಿ ಹುಟ್ಟಿದ ಹೆರಿಂಗ್ ಮೀನುಗಳು ವರ್ಷಾನುಗಟ್ಟಲೆ ಹಾಗೆ ಬಲೆ ತುಂಬಿಸಿದ್ದವು. ಬೆಳೆದ ಮೀನಿನ ಸಂಖ್ಯೆಯನ್ನು ತೀರ್ಮಾನಿಸುವುದು ಮರಿಯ ಮೊದಲ ದಿನಗಳು ಎಂದು ತಾತ ಕಂಡುಕೊಂಡರು. ವೈದ್ಯರ ವಿಷಯದಲ್ಲಿ ಮೊಮ್ಮಗ ಕಂಡುಕೊಂಡದ್ದಕ್ಕೂ ಇದಕ್ಕೂ ಹೋಲಿಕೆ ಇದೆ ಎಂದು ನನಗೆ ಅನಿಸುತ್ತದೆ.

ಆ ಮನೆತನದ ಕಥೆಯಲ್ಲಿ ಕಹಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ತಂದೆ ಯೂಹಾನ್ ಬೆರ್ನಾರ್ಡ್ ಯೋರ್ಟ್ ವಕೀಲರು. ಮುಂದೆ ಜರ್ಮನ್ನರ ಕೈಗೊಂಬೆಯಾಗಿ ನಾರ್ವೆಯನ್ನು ಆಳಿದ ಕ್ವಿಸ್ಲಿಂಗ್ ಜೊತೆ 1933ರಲ್ಲಿ ಸೇರಿ ನಾರ್ವೆಯ ಫ್ಯಾಸಿಸ್ಟ್ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರು. 1937ರಲ್ಲಿ ಅದನ್ನು ಬಿಟ್ಟು ಹೊರಬಂದರು. ಆಕ್ರಮಣದ ಕಾಲದಲ್ಲಿ ಅದೇ ಆಳ್ವಿಕೆಯನ್ನು ವಿರೋಧಿಸಿ ಸೆರೆಯಾದರು, ಜರ್ಮನಿಯ ಗ್ರೋಸ್ ಕ್ರೊಯಿಟ್ಸ್ ಎಂಬಲ್ಲಿ ನಿರ್ಬಂಧದಲ್ಲಿದ್ದರು. ಪೀಟರ್ ಅವರ ಅಕ್ಕ ವಾಂಡಾ ಅಲ್ಲಿಂದ ಸಾಕ್ಸೆನ್‌ಹೌಸನ್ ಯಾತನಾಶಿಬಿರದ ಬಾಗಿಲಿಗೆ ಆಹಾರದ ಪೊಟ್ಟಣ ಹೊತ್ತು ಮತ್ತೆ ಮತ್ತೆ ಹೋಗಿ, ಒಳಗಿದ್ದ ನಾರ್ವೆಯ ಕೈದಿಗಳ ಹೆಸರುಗಳನ್ನು ಒಂದೊಂದಾಗಿ ಕಲೆಹಾಕಿದರು. 1945ರ ವಸಂತದಲ್ಲಿ ಸ್ವೀಡನ್ನಿನ ಬಿಳಿ ಬಸ್ಸುಗಳು ಕೈದಿಗಳನ್ನು ಬಿಡಿಸಿ ತರಲು ಹೊರಟಾಗ ಆ ಪಟ್ಟಿಗಳು ನೆರವಿಗೆ ಬಂದವು.

ಟ್ರೊಮ್ಸೊಗೆ ಮರಳೋಣ. ಉತ್ತರ ನಾರ್ವೆಯ ಗಂಡಸರು ಹೃದಯಾಘಾತದಿಂದ ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದರು. ಹೊಸ ವಿಶ್ವವಿದ್ಯಾಲಯ 1974ರಲ್ಲೇ ಊರಿನ ಜನರನ್ನು ಕರೆದು ರಕ್ತದೊತ್ತಡ, ಕೊಲೆಸ್ಟರಾಲ್ ಅಳೆಯಲು ತೊಡಗಿತು. ಮೊದಲ ಸುತ್ತಿನಲ್ಲಿ ಬಂದ ಗಂಡಸರೇ ಆರೂವರೆ ಸಾವಿರಕ್ಕಿಂತ ಹೆಚ್ಚು. 2015–16ರ ಹೊತ್ತಿಗೆ ಇಂಥ ಏಳು ಸುತ್ತುಗಳು ಮುಗಿದಿದ್ದವು. ‘ಒಳ್ಳೆಯ ಕೊಲೆಸ್ಟರಾಲ್’ ಎಂದು ನಾವು ಈಗ ಸಲೀಸಾಗಿ ಹೇಳುವ ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದ್ರೋಗದ ಅಪಾಯ ಹೆಚ್ಚು ಎಂಬುದಕ್ಕೆ 1977ರಲ್ಲಿ ಬಲವಾದ ಸಾಕ್ಷ್ಯ ಕೊಟ್ಟದ್ದು ಈ ಊರು. ಕಾಫಿ ಹೆಚ್ಚು ಕುಡಿಯುವವರಲ್ಲಿ ಕೊಲೆಸ್ಟರಾಲ್ ಹೆಚ್ಚು ಎಂದು 1983ರಲ್ಲಿ ಹದಿನಾಲ್ಕು ಸಾವಿರಕ್ಕೂ ಮೀರಿದ ಜನರ ಲೆಕ್ಕದಿಂದ ಹೇಳಿದ್ದೂ ಇದೇ ಊರು. ಅಲ್ಲಿಯವರು ಕಾಫಿಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸದೆ ಕುಡಿಯುತ್ತಿದ್ದರು. ತೊಂದರೆ ಇದ್ದದ್ದು ಹಾಗೆ ಕುದಿಸಿದ ಕಾಫಿಯಲ್ಲಿ ಉಳಿಯುವ ಎಣ್ಣೆಯಂಥ ಅಂಶದಲ್ಲಿ ಎಂದು ಮುಂದೆ ತಿಳಿಯಿತು. ಈ ಹೊತ್ತಿಗೆ ಯೋರ್ಟ್ ಅಲ್ಲಿರಲಿಲ್ಲ, ಈ ಸಂಶೋಧನೆಗಳು ಅವರವೂ ಅಲ್ಲ. ಆದರೆ ಅವು ನಡೆಯಲು ಒಂದು ಜಾಗ ಇತ್ತು. ವಿಜ್ಞಾನಕ್ಕೆ ನಷ್ಟವಾಯಿತೇ ಎಂದು ಕೇಳಿದಿರಲ್ಲ, ನನ್ನ ಉತ್ತರ ಇದೇ.

ಟ್ರೊಮ್ಸೊ ಬಿಟ್ಟು ಓಸ್ಲೋಗೆ ಮರಳಿದ ಮೇಲೆ ಅವರು ಆರೋಗ್ಯ ಸೇವೆಗಳ ಸಂಶೋಧನೆಗೆ ತಿರುಗಿದರು. ನಾರ್ವೆಯ ದಾದಿಯರೂ ವೈದ್ಯರೂ ಇಂದಿಗೂ ಉದ್ಧರಿಸುವ ಅವರ ಒಂದು ಮಾತಿದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವನ್ನು ದೇಹ, ಮನಸ್ಸು, ಸಮಾಜ ಮೂರರ ಪರಿಪೂರ್ಣ ಸುಸ್ಥಿತಿ ಎಂದು ವಿವರಿಸಿತ್ತು. ಆ ಅಳತೆಗೆ ನಿಂತರೆ ನಮ್ಮಲ್ಲಿ ಯಾರೂ ಆರೋಗ್ಯವಂತರಲ್ಲ. ಯೋರ್ಟ್ ಹೇಳಿದ್ದು, ದಿನನಿತ್ಯದ ಬದುಕು ಕೇಳುವಷ್ಟನ್ನು ತೆತ್ತ ಮೇಲೂ ನಮ್ಮಲ್ಲಿ ಮಿಗುವ ಕಸುವೇ ಆರೋಗ್ಯ ಎಂದು. ಅವರು ಬಳಸಿದ ನಾರ್ವೆ ಪದಕ್ಕೆ ವ್ಯಾಪಾರದಲ್ಲಿ ಉಳಿಯುವ ಲಾಭ ಎಂಬ ಅರ್ಥವೂ ಇದೆ. ಹಾಗಾಗಿ ‘ಮಿಗತೆ’ ಎಂಬ ನಮ್ಮ ಪದ ಅದಕ್ಕೆ ಹತ್ತಿರವಾದೀತು. ಈ ಅಳತೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೂ, ಮಧುಮೇಹದ ಮಾತ್ರೆ ನುಂಗುತ್ತಲೇ ಹೊಲಕ್ಕೆ ಹೋಗಿಬಂದು ಸಂಜೆ ಕಟ್ಟೆಯ ಮೇಲೆ ಕುಳಿತು ನಗುವವನೂ ಆರೋಗ್ಯವಂತರೇ. ಆರೋಗ್ಯವನ್ನು ಹೆಚ್ಚಿಸುವ ದಾರಿಯೂ ಎರಡಾಗುತ್ತದೆ: ಕಸುವನ್ನು ಹೆಚ್ಚಿಸಬಹುದು, ಇಲ್ಲವೇ ಬದುಕಿನ ಹೊರೆಯನ್ನು ಇಳಿಸಬಹುದು.

ಕೊನೆಯ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡದ್ದು ವೈದ್ಯರು ಮಾತಾಡಲು ಹಿಂಜರಿಯುವ ವಿಷಯ: ಚಿಕಿತ್ಸೆಯಲ್ಲಿ ಆಗುವ ತಪ್ಪುಗಳು ಮತ್ತು ಅವುಗಳಿಂದ ರೋಗಿಗೆ ಆಗುವ ಹಾನಿ. 2007ರಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ, ಅದರ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದರು.

ಡಾಕ್ಟರೇ, ಟ್ರೊಮ್ಸೊದಲ್ಲಿ ಉಳಿದವರ ಶೇಕಡಾವಾರು ಲೆಕ್ಕ ಸಿಗುತ್ತದೆ. ಒಬ್ಬ ವೈದ್ಯ ಒಂದೇ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಯಾಕೆ ಉಳಿದರು ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ. ನೀವು ಬಿಟ್ಟು ಹೋಗಬೇಕೆಂದುಕೊಂಡ ದಿನಗಳಿದ್ದರೆ ಅವನ್ನೂ ಸೇರಿಸಿ ಬರೆದು ಕಳುಹಿಸಿ. ಪುಟಗಳ ಮಿತಿ ಬೇಡ.