ಹುಳು ಪಹಣಿ ನೋಡಿ ಬರುವುದಿಲ್ಲ

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಶಂಖದ ಹುಳುವನ್ನು (ಬಸವನಹುಳು) ಊರವರೆಲ್ಲ ಸೇರಿ ಹಿಡಿಯಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಿ. ಮೂರು ಮಳೆಗಾಲದಿಂದ ಬಕೆಟ್‌ಗಟ್ಟಲೆ ಆರಿಸುತ್ತಿದ್ದೇನೆ. ಪಕ್ಕದ ತೋಟದವರು ಬೆಂಗಳೂರಿನಲ್ಲಿ. ಅವರ ಕಡೆಯಿಂದ ವಾರದೊಳಗೆ ಮತ್ತೆ ಬರುತ್ತವೆ. ಸೇರುವುದು ಯಾರ ಜೊತೆ ಸ್ವಾಮಿ? ಕಾನೂನು ಇಲ್ಲವೇ?’

ನಿಮ್ಮ ಸಿಟ್ಟು ನ್ಯಾಯವಾದದ್ದೇ. ‘ಎಲ್ಲರೂ ಸೇರಿ’ ಅಂತ ಬರೆಯುವವನು ರಾತ್ರಿ ಜಿಗಣೆ ಕಚ್ಚಿಸಿಕೊಂಡು ತೋಟಕ್ಕೆ ಇಳಿಯಬೇಕಿಲ್ಲ, ಅಲ್ವಾ?

ಕಾನೂನು ಇದೆ. ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ, 1968ರದ್ದು. ಸರ್ಕಾರ ಒಂದು ಪ್ರದೇಶವನ್ನು ಗುರುತಿಸಿ, ಅಲ್ಲಿನ ಜಮೀನಿನವರೆಲ್ಲ ಇಂಥ ಪೀಡೆಯನ್ನು ತೆಗೆಯಲೇಬೇಕು ಅನ್ನಬಹುದು. ಕಾಂಗ್ರೆಸ್ ಗಿಡವನ್ನು 1975ರಲ್ಲೇ ಈ ಕಾಯ್ದೆಯಡಿ ಪೀಡೆ ಕಳೆ ಎಂದು ಸಾರಿದ್ದರು. ಈಗ ನಿಮ್ಮ ಬಸ್ ಸ್ಟಾಂಡಿನ ಹಿಂದೆ ಒಮ್ಮೆ ನೋಡಿ ಬನ್ನಿ! ರೈತ ಹೊಲದಲ್ಲಿ ಕಿತ್ತದ್ದು, ಸರ್ಕಾರದ್ದೇ ರಸ್ತೆ ಬದಿಯಲ್ಲಿ ಹೂಬಿಟ್ಟು ಮತ್ತೆ ಹೊಲಕ್ಕೆ ಬೀಜ ಉದುರಿಸುತ್ತದೆ. ಹಾಗಾಗಿ ಆ ಕಾಗದವನ್ನು ನಂಬಿ ಕೂರಬೇಡಿ.

ಕಳೆದ ಜೂನಿನಲ್ಲಿ ಶನಿವಾರಸಂತೆ ಹತ್ತಿರದ ಒಂದು ತೋಟದಲ್ಲಿ ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ನಿಂತಿದ್ದೆ. ಮೆಣಸಿನ ಬಳ್ಳಿಯ ಬುಡದಲ್ಲಿ ಒಂದು, ಎರಡು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ಕಾಫಿ ಗಿಡದ ತೊಗಟೆಯ ಮೇಲೆ ಹೊಳೆಯುವ ಲೋಳೆಯ ಗೆರೆ. ಆ ಗೆರೆಗಳೆಲ್ಲ ಬಂದದ್ದು ಒಂದೇ ಕಡೆಯಿಂದ, ಬೇಲಿಯಾಚೆಯ ಕೊಳೆತ ಸೊಪ್ಪಿನ ರಾಶಿಯಿಂದ. ಈ ಹುಳುವಿನಲ್ಲಿ ಗಂಡು ಹೆಣ್ಣು ಬೇರೆ ಇಲ್ಲ, ಎಲ್ಲವೂ ಮೊಟ್ಟೆ ಇಡುತ್ತವೆ. ಒಂದು ಸಲಕ್ಕೆ ನೂರಕ್ಕೂ ಜಾಸ್ತಿ. ನೀವು ಒಬ್ಬರೇ ಆರಿಸಿದರೆ ಬೇಲಿಯಾಚೆಯ ಆ ಒಂದು ರಾಶಿಯೇ ನಿಮ್ಮ ಕೆಲಸವನ್ನೆಲ್ಲ ನೀರಿನಲ್ಲಿ ಹೋಮ ಮಾಡುತ್ತದೆ.

ಇಡೀ ಊರನ್ನು ಸದ್ಯಕ್ಕೆ ಬಿಡಿ. ನಿಮ್ಮ ಬೇಲಿ ಮುಟ್ಟುವ ತೋಟಗಳು ಎಷ್ಟು? ನಾಲ್ಕೋ ಐದೋ. ಅಷ್ಟೇ ಸಾಕು. ಬೆಂಗಳೂರಿನ ಧಣಿಗಿಂತ ಮೊದಲು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ಅವರ ರೈಟರ್ ಹತ್ತಿರ ಮಾತಾಡಿ. ದುಡ್ಡು ಕೇಳಬೇಡಿ, ಒಳಗೆ ಬಂದು ಆರಿಸಲು ಒಪ್ಪಿಗೆ ಕೇಳಿ. ಮೊದಲ ಮಳೆ ಬಿದ್ದ ವಾರವೇ, ಮೊಟ್ಟೆ ಇಡುವ ಮುಂಚೆ, ಎಲ್ಲ ತೋಟದಲ್ಲೂ ಒಂದೇ ಸಂಜೆ ಒದ್ದೆ ಗೋಣಿಚೀಲ, ಅದರಡಿ ಪಪ್ಪಾಯಿ ಎಲೆ ಹಾಕಿ. ಬೆಳಿಗ್ಗೆ ಚೀಲದಡಿ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಗಿಡದ ಬುಡಕ್ಕೆ ಮಾತ್ರ ಉಪ್ಪು ಚೆಲ್ಲಬೇಡಿ. ಹುಳು ಕೊಲ್ಲುವ ವಿಷವಾದ ಮೆಟಾಲ್ಡಿಹೈಡ್ ಗುಳಿಗೆ ಹಾಕುವುದಾದರೆ ನಾಯಿಗಳನ್ನು ಕಟ್ಟಿಹಾಕಿ, ತಿಂದರೆ ಸಾಯಬಹುದು.

ತೋಟಕ್ಕೆ ನುಗ್ಗುವ ಮಂಗನ ವಿಷಯ ಬೇರೆ. ನಾವು ಓಡಿಸಿದ್ದು ಪಕ್ಕದವರ ತೋಟಕ್ಕೇ ಹೋಗುತ್ತದೆ, ಅವರು ಓಡಿಸಿದರೆ ವಾಪಸ್ಸು. ಬಸವನಹುಳು ಹಾಗಲ್ಲ, ಆರಿಸಿದ್ದು ಆರಿಸಿದ್ದೇ.

ರೈಟರ್ ಏನಂದರು ಅಂತ ಬರೆಯಿರಿ. ಆಗುವುದಿಲ್ಲ ಅಂದರೆ ಅದನ್ನೂ ಅಚ್ಚು ಹಾಕುತ್ತೇವೆ, ಹೆಸರು ಬಿಟ್ಟು.

— ಸಂ.