ಹರಳು ಬೀಜದ ಎಣ್ಣೆ ಬೇರಿಗೆ ತಲುಪುವ ಬಗೆ

ಮೊಳೆತ ಹರಳು ಬೀಜವನ್ನು ಆರನೆಯ ದಿನ ಹಿಸುಕಿದಾಗ ಜಿಡ್ಡು ಬಹಳ ಕಡಿಮೆಯಾಗಿತ್ತೆಂದು ಬರೆದು, ನೀರಿನಲ್ಲಿ ಕರಗದ ಎಣ್ಣೆ ಬೇರಿನ ತುದಿಯವರೆಗೆ ಹೇಗೆ ಹೋಗುತ್ತದೆಂದು ತಾವು ಕೇಳಿದ್ದೀರಿ. ಎಣ್ಣೆಯು ಎಣ್ಣೆಯಾಗಿ ಹೋಗುವುದೇ ಇಲ್ಲ. ಬೀಜದೊಳಗೇ ಸಕ್ಕರೆಯಾಗಿ ಮಾರ್ಪಟ್ಟು ಹೊರಡುತ್ತದೆ.

ಬೀಜವನ್ನು ಉದ್ದಕ್ಕೆ ಸೀಳಿದರೆ ದಪ್ಪನೆಯ ಬಿಳಿ ತಿರುಳಿನ ನಡುವೆ ಕಾಗದದಷ್ಟು ತೆಳುವಾದ, ನರಗಳ ಗುರುತುಳ್ಳ ಎರಡು ಬೀಜದಳಗಳು ಕಾಣುತ್ತವೆ. ಬೀಜದ ತೂಕದ ಸುಮಾರು ಅರ್ಧದಷ್ಟಿರುವ ಎಣ್ಣೆ ಮುಖ್ಯವಾಗಿ ಆ ತಿರುಳಿನಲ್ಲಿದೆ. ಬೀಜ ನೀರು ಹೀರಿ ಮೊಳೆಯತೊಡಗಿದಾಗ ಲೈಪೇಸ್ ಕಿಣ್ವಗಳು ಎಣ್ಣೆಯನ್ನು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಾಗಿ ಒಡೆಯುತ್ತವೆ. ಗ್ಲೈಆಕ್ಸಿಸೋಮ್ ಎಂಬ ಕೋಶಾಂಗದಲ್ಲಿ ಕೊಬ್ಬಿನಾಮ್ಲದ ಉದ್ದ ಸರಪಳಿ ಎರಡೆರಡು ಇಂಗಾಲದ ತುಂಡುಗಳಾಗಿ, ಆ ತುಂಡುಗಳು ಉಸಿರಾಟದಲ್ಲಿ ಪೋಲಾಗದೆ ಗ್ಲೈಆಕ್ಸಿಲೇಟ್ ಚಕ್ರವೆಂಬ ರಾಸಾಯನಿಕ ಕ್ರಿಯೆಗಳ ಸರಣಿಯ ಮೂಲಕ ಮತ್ತೆ ಜೋಡಣೆಗೊಂಡು, ಕೊನೆಗೆ ಸುಕ್ರೋಸ್ ಎಂಬ ಸಕ್ಕರೆಯಾಗುತ್ತವೆ. ಹರಳು ಬೀಜದಲ್ಲಿ ಈ ಚಕ್ರವಿರುವುದನ್ನು 1957ರಲ್ಲಿ ಹ್ಯಾನ್ಸ್ ಕಾರ್ನ್‌ಬರ್ಗ್ ಮತ್ತು ಹ್ಯಾರಿ ಬೀವರ್ಸ್ ತೋರಿಸಿದರು. ನಮ್ಮ ದೇಹದಲ್ಲಿ ಅದಿಲ್ಲ. ಮೊಳಕೆಯ ಈ ಸಾಮರ್ಥ್ಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ತೆಳು ಬೀಜದಳಗಳು ಆ ಸುಕ್ರೋಸನ್ನು ಹೀರಿಕೊಂಡು ಬೇರಿಗೂ ಕಾಂಡಕ್ಕೂ ಕಳುಹಿಸುತ್ತವೆ. ತಿರುಳು ಬರಿದಾದ ಮೇಲೆ ತಾವೇ ಬಿಚ್ಚಿಕೊಂಡು, ಹಸಿರಾಗಿ, ಎಲೆಯ ಕೆಲಸಕ್ಕೆ ತೊಡಗುತ್ತವೆ.

ಎಣ್ಣೆಯನ್ನು ಸಕ್ಕರೆಯಾಗಿಸಲು ಆಮ್ಲಜನಕ ಅತ್ಯಗತ್ಯ. ಆದ್ದರಿಂದ ಮುಂದಿನ ಬಾರಿ ಬೀಜಗಳನ್ನು ನೀರಿನಲ್ಲಿ ಮುಳುಗಿಸಿಡದೆ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಹರಳು ಬೀಜದಲ್ಲಿ ರೈಸಿನ್ ಎಂಬ ಕಡು ವಿಷವಿರುವುದರಿಂದ ಸೀಳಿದ ಬೀಜ ಮಕ್ಕಳ ಕೈಗೆ ಸಿಗದಿರಲಿ, ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ.