ಬಾಗಿದ ಪಿಂಗಾಣಿ ಹಲಗೆ ಡೂಪ್ಲಿಕೇಟಾ?

ಪ್ರಶ್ನೆ: ಶಾಂಘೈನಲ್ಲಿರೋ ಮಗಳ ಮನೆಗೆ ಹೋಗಿದ್ವಿ, ಅಲ್ಲೊಂದು ಹಳೇ ಸಾಮಾನಿನ ಅಂಗಡೀಲಿ ನಾಲ್ಕು ಮಡಿಕೆಯ ಮರದ ಸ್ಕ್ರೀನ್ ಇತ್ತು, ಒಂದೊಂದು ಮಡಿಕೆಗೂ ನೀಲಿ-ಬಿಳಿ ಪಿಂಗಾಣಿ ಹಲಗೆ ಕೂರಿಸಿದಾರೆ. ಮಗಳಿಗೆ ತುಂಬಾ ಹಿಡಿಸ್ತು. ಆದ್ರೆ ಸ್ಕೇಲ್ ಇಟ್ಟು ನೋಡಿದ್ರೆ ಒಂದು ಹಲಗೆ ಮಧ್ಯೆ ಸ್ವಲ್ಪ ಬಾಗಿದೆ. ನಮ್ಮನೆಯವ್ರು ಡೂಪ್ಲಿಕೇಟ್ ಅಂತಾರೆ. ಅಂಗಡಿಯವ್ನು ಮಿಂಗ್ ಕಾಲದ್ದು ಅಂತಾನೆ. ಯಾರನ್ನ ನಂಬೋದು?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಇಬ್ಬರನ್ನೂ ಬೇಡ ಮೇಡಂ. ಬಾಗಿರೋದು ದೋಷ ಅಲ್ಲ. ಪಿಂಗಾಣೀಲಿ ಹೂಜಿ, ಬಟ್ಟಲಿಗಿಂತ ಚಪ್ಪಟೆ ಹಲಗೆ ಮಾಡೋದೇ ಕಷ್ಟ, ಬಟ್ಟಲಿಗೆ ಅದರ ದುಂಡಗಿನ ಆಕಾರನೇ ಆಸರೆ, ಹಲಗೆಗೆ ಅದಿಲ್ಲ. ಹಪ್ಪಳ ಬಿಸಿಲಿಗೆ ಹಾಕಿದಾಗ ಅಂಚು ಮೇಲೇಳಲ್ವಾ, ಹಾಗೇ ಒಣಗುವಾಗ ಒಂದ್ಸಲ ಎಳ್ಕೊಳುತ್ತೆ, ಆಮೇಲೆ ಭಟ್ಟೀಲಿ ಸುಮಾರು 1300 ಡಿಗ್ರಿ ಶಾಖಕ್ಕೆ ಮೆತ್ತಗಾಗಿ ಕುಗ್ಗುವಾಗ ಇನ್ನೊಂದ್ಸಲ. ಪಿಂಗಾಣಿಗೇ ಹೆಸರಾದ ಜಿಂಗ್‌ಡೆಝೆನ್ ಊರಲ್ಲೂ ದೊಡ್ಡ ಹಲಗೆ ಅಂದ್ರೆ ಹೀಗೇ.

ನೀವು ನೋಡ್ಬೇಕಾಗಿರೋದು ನೀಲಿನ. ಹಸಿ ಮಣ್ಣಿನ ಮೇಲೆ ಬಳಿಯುವಾಗ ಕೋಬಾಲ್ಟ್, ಅಂದ್ರೆ ಆ ನೀಲಿ ಕೊಡೋ ಖನಿಜದ ಬಣ್ಣ, ನೀಲಿಯಾಗೇ ಕಾಣಲ್ಲ, ಬೂದು-ಕಪ್ಪು, ಸುಟ್ಟ ಮೇಲಷ್ಟೇ ನೀಲಿ. ಮಣ್ಣು ಬ್ಲಾಟಿಂಗ್ ಪೇಪರ್ ಥರ ಬಣ್ಣ ಹೀರ್ಕೊಳೋದ್ರಿಂದ ಗೆರೆ ತಪ್ಪಿದ್ರೆ ಅಳಿಸೋದು ಕಷ್ಟ. ವಾಂಗ್ ಬು (1898–1968) ಅನ್ನೋ ಕಲಾವಿದರು ಹೆಸರು ಮಾಡಿದ್ದು ಈ ಕೆಲಸದಲ್ಲೇ. ಒಂದು ಭೂತಗನ್ನಡಿ ಹಿಡ್ಕೊಂಡ್ಹೋಗಿ, ಹಕ್ಕಿ ರೆಕ್ಕೆನೋ ಬಿದಿರೆಲೆನೋ ಹತ್ತಿರದಿಂದ ನೋಡಿ. ಕುಂಚ ಎರಡ್ಸಲ ಓಡಿದ ಕಡೆ ನೀಲಿ ಗಾಢವಾಗಿದ್ರೆ, ಎಲೆ ತುದೀಲಿ ತೆಳುವಾಗಿದ್ರೆ ಕೈಕೆಲಸ ಅನ್ನಬಹುದು, ಸಾಲಾಗಿ ಸಣ್ಣ ಸಣ್ಣ ಚುಕ್ಕಿ ಕಂಡ್ರೆ ಅದು ಪ್ರಿಂಟ್ ಸ್ಟಿಕ್ಕರ್.

ಮಿಂಗ್ ಅಂದ್ರೆ ಚೀನಾದಲ್ಲಿ 1644ಕ್ಕೆ ಮುಗಿದ ರಾಜವಂಶದ ಕಾಲ, ಹಳೇ ರಾಜರ ಮುದ್ರೆನ ಆಮೇಲಿನವ್ರೂ ಹಾಕ್ತಿದ್ರು, ಹಾಗಾಗಿ ಮುದ್ರೆ ನೋಡಿ ದುಡ್ಡು ಕೊಡ್ಬೇಡಿ. ಅದೂ ಅಲ್ದೆ 1911ಕ್ಕಿಂತ ಹಳೇ ಕಲಾವಸ್ತುಗಳನ್ನ ಚೀನಾದಿಂದ ಹೊರಗೆ ಸಾಗಿಸೋ ಹಾಗಿಲ್ಲ, ನಿಜವಾಗ್ಲೂ ಮಿಂಗ್ ಆಗಿದ್ರೆ ದಾವಣಗೆರೆ ಆಸೆ ಬಿಡಿ! ಹೊಸದು ಅಂತ ಹೊಸದರ ರೇಟಿಗೆ ಕೊಟ್ರೆ ಧಾರಾಳವಾಗಿ ತಗೊಳ್ಳಿ.

ಇನ್ನೊಂದು, ಹಲಗೆ ಚೌಕಟ್ಟಲ್ಲಿ ಚೂರು ಅಲ್ಲಾಡ್ತಿದ್ರೆ ಅಂಟು ಹಾಕಿಸ್ಬೇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೇಲಿ ಕುಗ್ಗುತ್ತೆ, ಪಿಂಗಾಣಿ ಎರಡೂ ಮಾಡಲ್ಲ, ಆ ಸಂದು ಇಲ್ದಿದ್ರೆ ಒಡೆಯೋದು ಹಲಗೆನೇ.